ಹಳೆಯ ಪಲ್ಸರ್ 150ಕ್ಕೆ ಬೇರೆ ವರ್ಷದ ಚಕ್ರ: ಅಳತೆ, ಬುಷ್, ಜೋಡಣೆ

"ನನ್ನದು 2008ರ ಪಲ್ಸರ್. ಗುಜರಿಯಲ್ಲಿ 2018ರ ಟ್ವಿನ್ ಡಿಸ್ಕ್ ಗಾಡಿಯ ಚಕ್ರ ಸಿಕ್ಕಿದೆ. ಅದೂ 17 ಇಂಚು, ಇದೂ 17 ಇಂಚು. ಹಾಗೇ ಕೂರುತ್ತಾ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಉತ್ತರ: ಹಾಗೇ ಕೂರುವುದಿಲ್ಲ. 17 ಇಂಚು ಅನ್ನುವುದು ಟೈರು ಕೂರುವ ರಿಮ್ಮಿನ ವ್ಯಾಸ ಮಾತ್ರ. ಗಾಡಿಗೆ ಚಕ್ರ ಹೊಂದುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ನಡುವಿನ ಹಬ್: ಅದರ ಬೇರಿಂಗಿನ ತೂತು, ಅದರ ಅಗಲ, ಅದಕ್ಕೆ ಡಿಸ್ಕ್ ಮತ್ತು ಚೈನ್ ಸ್ಪ್ರಾಕೆಟ್ ಕೂತಿರುವ ಜಾಗ. ಈ ಲೇಖನದಲ್ಲಿ ಪಲ್ಸರ್ 150ನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಅಳೆಯುವ ಕ್ರಮ ಬೇರೆ ಗಾಡಿಗಳಿಗೂ ಇದೇ.

ಯಾವ ವರ್ಷದಲ್ಲಿ ಏನು ಬದಲಾಯಿತು

ಪಲ್ಸರ್ 150 ಬಂದದ್ದು 2001ರಲ್ಲಿ. 2003ರಲ್ಲಿ ಡಿಟಿಎಸ್-ಐ (ಎರಡು ಸ್ಪಾರ್ಕ್ ಪ್ಲಗ್ಗಿನ) ಎಂಜಿನ್ ಬಂದರೂ ಚಕ್ರದ ಅಳತೆ ಅದೇ ಉಳಿಯಿತು: 18 ಇಂಚು, ಮುಂದೆ 2.75-18 ಟೈರು, ಹಿಂದೆ 100/90-18. 2005ರ ಮಾದರಿಯಲ್ಲಿ 17 ಇಂಚಿನ ಅಲಾಯ್ ಚಕ್ರ ಬಂತು. ಮುಂದೆ 2.75-17 (ನಂತರದ ವರ್ಷಗಳಲ್ಲಿ 80/100-17), ಹಿಂದೆ 100/90-17. ಮುಂದೆ 240 ಮಿ.ಮೀ. ಡಿಸ್ಕ್, ಹಿಂದೆ 130 ಮಿ.ಮೀ. ಡ್ರಮ್. 2006ರ ಕೊನೆಗೆ ಡಿಜಿಟಲ್ ಮೀಟರು ಸೇರಿತು. ಚಕ್ರ ಬದಲಿಸುವವರಿಗೆ ಇದೂ ಮುಖ್ಯ, ಯಾಕೆಂದು ಮುಂದೆ ಹೇಳುತ್ತೇವೆ.

2018ರಲ್ಲಿ ಟ್ವಿನ್ ಡಿಸ್ಕ್ ಮಾದರಿ ಬಂತು. ಮುಂದೆ 260 ಮಿ.ಮೀ. ಡಿಸ್ಕ್, ಹಿಂದೆ ಡ್ರಮ್ ಬದಲು 230 ಮಿ.ಮೀ. ಡಿಸ್ಕ್. ಟೈರು ಮುಂದೆ 90/90-17, ಹಿಂದೆ 120/80-17. ಮುಂದಿನ ಶಾಕ್ ಪೈಪು 31 ಮಿ.ಮೀ. ಇದ್ದದ್ದು 37 ಮಿ.ಮೀ. ಆಯಿತು. ವೀಲ್‌ಬೇಸ್, ಅಂದರೆ ಎರಡು ಆಕ್ಸೆಲ್‌ಗಳ ನಡುವಿನ ದೂರ, 1320ರಿಂದ 1345 ಮಿ.ಮೀ.ಗೆ ಏರಿತು. ಹೀಗಾಗಿ ಇದು ಹೆಸರಿಗೆ ಪಲ್ಸರ್ 150 ಆದರೂ ಚಕ್ರದ ಮಟ್ಟಿಗೆ ಬೇರೆಯೇ ಗಾಡಿ.

ಆದ್ದರಿಂದ ಕೆಲಸವನ್ನು ಮೂರು ಬಗೆಯಾಗಿ ನೋಡಿ. ಡ್ರಮ್ ಇರುವ 17 ಇಂಚಿನ ಗಾಡಿಗೆ ಅದೇ ಬಗೆಯ ಇನ್ನೊಂದು ವರ್ಷದ ಚಕ್ರ ಹಾಕುವುದು ಅರ್ಧ ದಿನದ ಕೆಲಸ. 18 ಇಂಚಿನ ಗಾಡಿಗೆ 17 ಇಂಚಿನ ಅಲಾಯ್ ಹಾಕುವುದಕ್ಕೆ ಲೇತ್ ಕೆಲಸ ಬೀಳಬಹುದು, ಗಾಡಿಯ ಎತ್ತರವೂ ಬದಲಾಗುತ್ತದೆ. ಟ್ವಿನ್ ಡಿಸ್ಕ್ ಚಕ್ರ ಹಾಕುವುದೆಂದರೆ ಗಾಡಿಯ ಮುಂಭಾಗ, ಹಿಂಭಾಗ ಎರಡನ್ನೂ ಬದಲಿಸಿದ ಹಾಗೆ.

ಕೈ ಹಾಕುವ ಮೊದಲು ಕಾನೂನು

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ತಾಳೆಯಾಗದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. 182ಎ(4) ಕಲಂನಲ್ಲಿ ಇದಕ್ಕೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ ಇವೆ. ವೀಲ್‌ಬೇಸ್ ನೋಂದಣಿಯ ವಿವರಗಳಲ್ಲಿ ಒಂದು ಎಂಬುದನ್ನು ಮರೆಯಬೇಡಿ. ಮೊದಲ ಬಗೆಯ ಕೆಲಸದಲ್ಲಿ ಅದೇ ಅಳತೆಯ, ಕಂಪನಿಯದೇ ಚಕ್ರ ಬರುವುದರಿಂದ ಮೂಲ ವಿವರ ಬದಲಾಗುವುದಿಲ್ಲ. ಉಳಿದ ಎರಡಕ್ಕೆ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ವಿಮಾ ಕಂಪನಿಗೂ ಬರೆದು ತಿಳಿಸಿ. ಅಪಘಾತವಾದ ಮೇಲೆ ಈ ಮಾತು ಎದ್ದರೆ ಕ್ಲೇಮಿಗೆ ತೊಡಕಾಗುತ್ತದೆ.

ಬೇಕಾಗುವ ಸಾಮಾನು

ವರ್ನಿಯರ್ ಕ್ಯಾಲಿಪರ್ (0.1 ಮಿ.ಮೀ.ವರೆಗೆ ಅಳೆಯುವಂಥದ್ದು), ಉಕ್ಕಿನ ಸ್ಕೇಲು, ಒಂದೂವರೆ ಮೀಟರ್ ಉದ್ದದ ನೇರವಾದ ಅಲ್ಯೂಮಿನಿಯಂ ಪಟ್ಟಿ ಎರಡು, ಟಾರ್ಕ್ ರೆಂಚ್ (ನಟ್ಟನ್ನು ಹೇಳಿದಷ್ಟೇ ಬಲದಲ್ಲಿ ಬಿಗಿಯುವ ಸ್ಪ್ಯಾನರು), ಸರ್ಕ್ಲಿಪ್ ಪ್ಲೈಯರ್, ಗ್ರೀಸು, ನೀಲಿ ಥ್ರೆಡ್‌ಲಾಕ್ ಅಂಟು, ಬ್ರೇಕ್ ಆಯಿಲ್, ಹೊಸ ಸ್ಪ್ಲಿಟ್ ಪಿನ್ನುಗಳು. ಹೊಸ ಬೇರಿಂಗ್, ಹೊಸ ಆಯಿಲ್ ಸೀಲು ಮುಂಚೆಯೇ ಖರ್ಚಿನ ಲೆಕ್ಕದಲ್ಲಿ ಇರಲಿ. ಹಳೆಯ ಚಕ್ರದೊಂದಿಗೆ ಬಂದ ಬೇರಿಂಗನ್ನು ಉಳಿಸಿಕೊಳ್ಳುವುದರಲ್ಲಿ ಲಾಭವಿಲ್ಲ.

1. ಈಗಿರುವ ಚಕ್ರವನ್ನು ಬಿಚ್ಚುವ ಮೊದಲೇ ಅಳೆಯಿರಿ

ಹೆಚ್ಚಿನವರು ತಪ್ಪುವುದು ಇಲ್ಲೇ. ಚಕ್ರ ಬಿಚ್ಚಿ ಬದಿಗಿಟ್ಟ ಮೇಲೆ, ಅದು ಎಲ್ಲಿ ನಿಂತಿತ್ತು ಎಂದು ಹೇಳುವ ಗುರುತು ಉಳಿಯುವುದಿಲ್ಲ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಈ ಐದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ:

ಮುಂದಿನ ರಿಮ್ಮಿನ ಅಂಚಿನಿಂದ ಎಡ ಶಾಕ್ ಪೈಪಿಗೆ ಎಷ್ಟು, ಬಲ ಪೈಪಿಗೆ ಎಷ್ಟು.
ಹಿಂದಿನ ರಿಮ್ಮಿನ ಅಂಚಿನಿಂದ ಸ್ವಿಂಗ್ ಆರ್ಮಿನ (ಹಿಂಚಕ್ರವನ್ನು ಹಿಡಿದಿರುವ ತೋಳು) ಎರಡೂ ಬದಿಗೆ ಎಷ್ಟು.
ಸ್ವಿಂಗ್ ಆರ್ಮಿನ ಎಡ ಒಳಮೈಯಿಂದ ಚೈನ್ ಸ್ಪ್ರಾಕೆಟ್ಟಿನ ಹಲ್ಲಿನ ನಡುವಿಗೆ ಎಷ್ಟು.
ಫೋರ್ಕಿನ (ಮುಂಚಕ್ರವನ್ನು ಎರಡು ಬದಿಯಿಂದ ಹಿಡಿದಿರುವ ಶಾಕುಗಳ ಜೋಡಿ) ಒಳಮೈಯಿಂದ ಡಿಸ್ಕಿಗೆ ಎಷ್ಟು.
ನೆಲದಿಂದ ಸೀಟಿನ ಕೆಳಗಿನ ಫ್ರೇಮಿಗೆ ಎಷ್ಟು. ಇದನ್ನು ಮಾತ್ರ ಗಾಡಿ ಚಕ್ರದ ಮೇಲೆ ನಿಂತಿರುವಾಗ ಅಳೆಯಿರಿ.

ಹಿಂಚಕ್ರ ಸ್ವಿಂಗ್ ಆರ್ಮಿನ ಸರಿಯಾದ ನಡುವಿನಲ್ಲೇ ಇರಬೇಕೆಂದು ಊಹಿಸಬೇಡಿ. ಎಷ್ಟೋ ಗಾಡಿಗಳಲ್ಲಿ ಎಡಗಡೆ ಚೈನಿಗೆ ಜಾಗ ಬಿಟ್ಟಿರುವುದರಿಂದ ಎರಡು ಬದಿಯ ಅಂತರ ಸಮ ಇರುವುದಿಲ್ಲ. ನಿಮ್ಮ ಗಾಡಿಯ ಮೂಲ ಅಳತೆಯೇ ನಿಮಗೆ ಪ್ರಮಾಣ. ಬಿಚ್ಚುವಾಗ ಪ್ರತಿ ಬುಷ್ (ಚಕ್ರ ತನ್ನ ಜಾಗದಲ್ಲಿ ನಿಲ್ಲಲೆಂದು ಆಕ್ಸೆಲ್ ಮೇಲೆ ಹಬ್‌ನ ಪಕ್ಕ ಕೂರುವ ಕೊಳವೆ), ಪ್ರತಿ ವಾಷರ್ ಯಾವ ಬದಿಯದು, ಯಾವ ಮುಖ ಒಳಗಿತ್ತು ಎಂಬುದರ ಫೋಟೋ ತೆಗೆದಿಡಿ.

2. ಚಕ್ರ ಕೊಳ್ಳುವಾಗ ಇಡೀ ಸೆಟ್ಟು ಕೇಳಿ

ಬೆಂಗಳೂರಿನ ಶಿವಾಜಿನಗರವಿರಲಿ, ನಿಮ್ಮೂರಿನ ಗುಜರಿ ಅಂಗಡಿಯಿರಲಿ, ಬರೀ ಚಕ್ರ ಕೊಂಡರೆ ಕಡಿಮೆಗೆ ಬರುತ್ತದೆ, ಆಮೇಲೆ ಕಾಡುತ್ತದೆ. ಆ ಚಕ್ರದ ಆಕ್ಸೆಲ್, ಎರಡೂ ಬದಿಯ ಬುಷ್, ಮುಂದಾದರೆ ಡಿಸ್ಕ್ ಮತ್ತು ಮೀಟರ್ ಗೇರಿನ ಡಬ್ಬಿ, ಹಿಂದಾದರೆ ಬ್ರೇಕ್ ಪ್ಲೇಟು (ಡ್ರಮ್ಮನ್ನು ಮುಚ್ಚುವ, ಬ್ರೇಕ್ ಲೈನರುಗಳು ಕೂತಿರುವ ತಟ್ಟೆ), ಸ್ಪ್ರಾಕೆಟ್ ಕೂರುವ ಬಟ್ಟಲು, ಅದರೊಳಗಿನ ರಬ್ಬರ್ ಗಟ್ಟಿಗಳು, ಇಷ್ಟೂ ಒಂದೇ ಗಾಡಿಯದಾಗಿರಲಿ. ಬುಷ್ ಒಂದು ಬೆರಳುದ್ದದ ತುಂಡು, ಅದು ಇಲ್ಲದಿದ್ದರೆ ಇಡೀ ಲೆಕ್ಕ ಹೊಸದಾಗಿ ಮಾಡಬೇಕಾಗುತ್ತದೆ.

ಅಂಗಡಿಯಲ್ಲೇ ಪರೀಕ್ಷಿಸಿ. ಆಕ್ಸೆಲ್ಲನ್ನು ಚಕ್ರದೊಳಗೆ ತೂರಿಸಿ, ಎರಡು ಬದಿ ಹಿಡಿದು ತಿರುಗಿಸಿ, ರಿಮ್ಮಿನ ಅಂಚಿನ ಬಳಿ ಒಂದು ಪೆನ್ನನ್ನು ಅಲುಗದಂತೆ ಹಿಡಿಯಿರಿ. ಅಂಚು ಪಕ್ಕಕ್ಕಾಗಲಿ ಮೇಲಕ್ಕಾಗಲಿ 2 ಮಿ.ಮೀ.ಗಿಂತ ಹೆಚ್ಚು ಓಡಾಡಿದರೆ ರಿಮ್ಮು ಬೆಂಡಾಗಿದೆ. ಅಲಾಯ್ ತೋಳುಗಳು ಹಬ್‌ಗೆ ಸೇರುವ ಬುಡದಲ್ಲಿ, ರಿಮ್ಮಿಗೆ ಸೇರುವ ತುದಿಯಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ನೋಡಿ. ಅಲ್ಲಿ ವೆಲ್ಡಿಂಗ್ ಗುರುತು ಅಥವಾ ಒಂದೇ ಕಡೆ ಹೊಸ ಬಣ್ಣ ಕಂಡರೆ ಬಿಟ್ಟು ಬನ್ನಿ. ಅಚ್ಚು ಹೊಯ್ದ ಅಲ್ಯೂಮಿನಿಯಂ ತೋಳನ್ನು ವೆಲ್ಡ್ ಮಾಡಿದರೆ ಆ ಜಾಗದ ಗಟ್ಟಿತನ ಮೊದಲಿನಂತೆ ಉಳಿಯುವುದಿಲ್ಲ, ಅದು ಒಡೆಯುವಾಗ ಮುನ್ಸೂಚನೆ ಕೊಡುವುದೂ ಇಲ್ಲ. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟೆಂದು ಕೆತ್ತಿರುತ್ತಾರೆ, ವರ್ನಿಯರ್‌ನಿಂದ ಅಳೆದು ಹೋಲಿಸಿ. ಡ್ರಮ್ಮಿನ ಒಳಗೆ ಬೆರಳಾಡಿಸಿದಾಗ ಅಂಚಿನಲ್ಲಿ ಮೆಟ್ಟಿಲಿನಂತೆ ತಡೆದರೆ ಅದು ಸವೆದಿದೆ.

ಟೈರಿನೊಂದಿಗೆ ಬಂದಿದ್ದರೆ, ಅದರ ಪಕ್ಕದಲ್ಲಿ ಉದ್ದಗೋಲದೊಳಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದ ಟೈರಿಗೆ ಹಲ್ಲು ಎಷ್ಟೇ ಇದ್ದರೂ ರಬ್ಬರು ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಹಿಡಿತ ಇರುವುದಿಲ್ಲ.

3. ಆಕ್ಸೆಲ್ ಮತ್ತು ಬೇರಿಂಗ್

ನಿಮ್ಮ ಫೋರ್ಕಿನ ತೂತಿಗೆ ಹೋಗುವ ಆಕ್ಸೆಲ್ ಎಷ್ಟು ದಪ್ಪ, ಹೊಸ ಹಬ್‌ನ ಬೇರಿಂಗ್ ತೂತು ಎಷ್ಟು ಎಂದು ನೋಡಿ. ಬೇರಿಂಗ್ ಹೊರತೆಗೆಯದೆಯೇ ಅದರ ಮೇಲಿನ ಸಂಖ್ಯೆಯಿಂದ ಇದು ಗೊತ್ತಾಗುತ್ತದೆ. ಕೊನೆಯ ಎರಡಂಕಿ 01 ಇದ್ದರೆ ಒಳತೂತು 12 ಮಿ.ಮೀ., 02 ಇದ್ದರೆ 15, 03 ಇದ್ದರೆ 17. 04 ಮತ್ತು ಅದರ ಮುಂದಿನದಕ್ಕೆ ಐದರಿಂದ ಗುಣಿಸಿ: 04 ಅಂದರೆ 20. ಬೈಕಿನ ಹಬ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಕೆಲವು ಬೇರಿಂಗುಗಳು ಹೀಗಿವೆ (ಒಳತೂತು, ಹೊರವ್ಯಾಸ, ದಪ್ಪ, ಎಲ್ಲವೂ ಮಿ.ಮೀ.ನಲ್ಲಿ):

6301: 12, 37, 12
6202: 15, 35, 11
6302: 15, 42, 13
6203: 17, 40, 12
6004: 20, 42, 12

ಎರಡೂ ಗಾಡಿಯ ಆಕ್ಸೆಲ್ ಒಂದೇ ದಪ್ಪವಾದರೆ ಮುಂದಕ್ಕೆ ಹೋಗಿ. ಬೇರೆಯಾದರೆ, ಹೊರವ್ಯಾಸ ಅದೇ ಇದ್ದು ಒಳತೂತು ಮಾತ್ರ ಬೇರೆ ಇರುವ ಬೇರಿಂಗ್ ಸಿಗುತ್ತದೆಯೇ ಹುಡುಕಿ. ಮೇಲಿನ ಪಟ್ಟಿಯಲ್ಲಿ 6302 ಮತ್ತು 6004 ಎರಡರದೂ ಹೊರವ್ಯಾಸ 42. ಆದರೆ ದಪ್ಪದಲ್ಲಿ 1 ಮಿ.ಮೀ. ವ್ಯತ್ಯಾಸ ಇದೆ, 6004 ಹೊರುವ ಭಾರವೂ ಕಡಿಮೆ. ಆ 1 ಮಿ.ಮೀ.ಯನ್ನು ಬುಷ್ಷಿನ ಲೆಕ್ಕದಲ್ಲಿ ಸೇರಿಸಲೇಬೇಕು.

ಎರಡು ಕೆಲಸ ಯಾವತ್ತೂ ಬೇಡ. ತೆಳು ಆಕ್ಸೆಲ್ಲಿಗೆ ತಗಡು ಸುತ್ತಿ ದಪ್ಪ ಬೇರಿಂಗಿನಲ್ಲಿ ಕೂರಿಸುವುದು ಒಂದು. ದಪ್ಪ ಆಕ್ಸೆಲ್ ಹೋಗಲೆಂದು ಫೋರ್ಕ್ ಬಾಟಮ್ಮಿನ (ಆಕ್ಸೆಲ್ ಹಿಡಿದಿರುವ, ಶಾಕಿನ ಕೆಳಭಾಗ) ತೂತನ್ನು ಡ್ರಿಲ್ಲಿನಲ್ಲಿ ದೊಡ್ಡದು ಮಾಡುವುದು ಇನ್ನೊಂದು. ತಗಡು ಸವೆದು ಚಕ್ರ ಅಲುಗತೊಡಗುತ್ತದೆ. ಕೊರೆದ ತೂತಿನ ಸುತ್ತ ಉಳಿದ ಲೋಹ ತೆಳುವಾಗಿ ಗುಂಡಿಗೆ ಬಿದ್ದ ಹೊತ್ತಿನಲ್ಲಿ ಸೀಳುತ್ತದೆ.

ಎರಡು ಬೇರಿಂಗುಗಳ ನಡುವೆ ಹಬ್‌ನೊಳಗೆ ಒಂದು ಕೊಳವೆ ಇರುತ್ತದೆ, ಡಿಸ್ಟನ್ಸ್ ಪೀಸ್ ಅನ್ನುತ್ತಾರೆ. ನಟ್ಟು ಬಿಗಿದಾಗ ಬರುವ ಒತ್ತಡವನ್ನು ಬೇರಿಂಗಿನ ಒಳಬಳೆಗಳಿಂದ ಈ ಕೊಳವೆಯೇ ಹೊತ್ತುಕೊಳ್ಳುತ್ತದೆ. ಅದು ಕಳೆದುಹೋಗಿದ್ದರೆ, ಅಥವಾ ಅರ್ಧ ಮಿ.ಮೀ. ಗಿಡ್ಡವಾಗಿದ್ದರೂ, ಬೇರಿಂಗಿನ ಗುಂಡುಗಳು ಪಕ್ಕಕ್ಕೆ ಒತ್ತಿ ಹಿಡಿಯುತ್ತವೆ. ನಟ್ಟು ಸಡಿಲವಿದ್ದಾಗ ಹಗುರವಾಗಿ ತಿರುಗುವ ಚಕ್ರ, ಬಿಗಿದ ಕೂಡಲೇ ಗಟ್ಟಿಯಾದರೆ ಕಾರಣ ಬಹುತೇಕ ಇದೇ. ನಟ್ಟು ಸಡಿಲ ಬಿಟ್ಟು ಓಡಿಸುವುದು ಪರಿಹಾರವಲ್ಲ, ಸರಿಯಾದ ಉದ್ದದ ಕೊಳವೆ ಹಾಕಬೇಕು.

ಹೊಸ ಬೇರಿಂಗ್ ಕೂರಿಸುವಾಗ ಅದನ್ನು ಒಂದು ಗಂಟೆ ಫ್ರೀಜರಿನಲ್ಲಿಡಿ, ಹಬ್‌ನ್ನು ಹಾಟ್ ಏರ್ ಗನ್ನಿನಿಂದ ನೀರಿನ ಹನಿ ಚುರ್ ಅನ್ನುವಷ್ಟು ಬಿಸಿ ಮಾಡಿ. ಹೊರಬಳೆಯ ಅಳತೆಯ ಸಾಕೆಟ್ ಇಟ್ಟು, ಹೊರಬಳೆಗೆ ಮಾತ್ರ ಪೆಟ್ಟು ಬೀಳುವಂತೆ ತಟ್ಟಿ. ಒಂದು ಬದಿ ತಳ ಮುಟ್ಟಿದ ಮೇಲೆ ಡಿಸ್ಟನ್ಸ್ ಪೀಸ್ ಇಟ್ಟು, ಇನ್ನೊಂದು ಬೇರಿಂಗನ್ನು ಅದಕ್ಕೆ ತಾಗುವವರೆಗೆ ಮಾತ್ರ ಇಳಿಸಿ. ಎರಡೂ ಬದಿ ರಬ್ಬರ್ ಮುಚ್ಚಳ ಇರುವ, ಸಂಖ್ಯೆಯ ಕೊನೆಗೆ 2ಆರ್‌ಎಸ್ ಎಂದಿರುವ ಬೇರಿಂಗನ್ನೇ ತನ್ನಿ. ನಮ್ಮ ಮಳೆಗಾಲಕ್ಕೆ ಅದೇ ತಕ್ಕದ್ದು.

4. ಅಗಲದ ಲೆಕ್ಕ ಮತ್ತು ಬುಷ್

ಇಡೀ ಕೆಲಸದ ಗುಟ್ಟು ಇಲ್ಲಿದೆ, ನಿಧಾನವಾಗಿ ಮಾಡಿ. ಎಡ ಬುಷ್, ಹಬ್, ಬಲ ಬುಷ್ ಮೂರೂ ಸೇರಿ ಫೋರ್ಕಿನ ಒಳಗಿನ ಅಗಲಕ್ಕೆ ಸಮವಾಗಬೇಕು. ಮುಂದೆ ಮೀಟರ್ ಗೇರ್ ಡಬ್ಬಿಯ ದಪ್ಪವನ್ನೂ, ಹಿಂದೆ ಬ್ರೇಕ್ ಪ್ಲೇಟು ಮತ್ತು ಸ್ಪ್ರಾಕೆಟ್ ಬಟ್ಟಲಿನ ದಪ್ಪವನ್ನೂ ಸೇರಿಸಿಕೊಳ್ಳಿ.

ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ (ಇವು ನಿಮ್ಮ ಗಾಡಿಯ ಅಂಕಿಗಳಲ್ಲ). ಫೋರ್ಕಿನ ಒಳ ಅಗಲ 140 ಮಿ.ಮೀ., ಹಬ್‌ನ ಒಂದು ಬೇರಿಂಗಿನ ಹೊರಮುಖದಿಂದ ಇನ್ನೊಂದರ ಹೊರಮುಖಕ್ಕೆ 112. ಉಳಿದದ್ದು 28. ಇದನ್ನು 14-14 ಎಂದು ಹಂಚಬೇಡಿ. ಮೊದಲು ವಾಷರುಗಳನ್ನು ಪೇರಿಸಿ ಚಕ್ರವನ್ನು ಸುಮ್ಮನೆ ನಿಲ್ಲಿಸಿ, ರಿಮ್ಮಿನಿಂದ ಎರಡೂ ಪೈಪಿಗೆ ಅಳೆಯಿರಿ. ಎಡಕ್ಕೆ 38, ಬಲಕ್ಕೆ 44 ಬಂತು ಅನ್ನಿ. ವ್ಯತ್ಯಾಸ 6, ಅದರ ಅರ್ಧ 3. ಚಕ್ರ ಬಲಕ್ಕೆ 3 ಮಿ.ಮೀ. ಸರಿಯಬೇಕು: ಎಡ ಬುಷ್ 3 ಹೆಚ್ಚಲಿ, ಬಲ ಬುಷ್ 3 ಕಡಿಮೆಯಾಗಲಿ. ಒಟ್ಟು 28 ಹಾಗೇ ಉಳಿಯಿತು. ಹಿಂಚಕ್ರಕ್ಕೆ ಸಮ ಅಂತರದ ಬದಲು ಮೊದಲ ಹಂತದಲ್ಲಿ ಬರೆದಿಟ್ಟ ಅಂತರಕ್ಕೆ ಹೊಂದಿಸಿ.

ವಾಷರ್ ಪೇರಿಸಿದ್ದು ಅಳತೆಗೆ ಮಾತ್ರ, ಓಡಿಸಲು ಅಲ್ಲ. ಸರಿಯಾದ ಉದ್ದ ಸಿಕ್ಕ ಮೇಲೆ ಲೇತ್ ಅಂಗಡಿಯಲ್ಲಿ ಎಂಎಸ್ ಉಕ್ಕಿನ ಬುಷ್ ಮಾಡಿಸಿ. ಉದ್ದದಲ್ಲಿ 0.1 ಮಿ.ಮೀ.ಗಿಂತ ಹೆಚ್ಚು ತಪ್ಪಿರಬಾರದು, ಎರಡೂ ಮುಖ ಒಂದಕ್ಕೊಂದು ಸಮಾನಾಂತರ ಇರಬೇಕು, ಬೇರಿಂಗಿಗೆ ತಾಗುವ ಮುಖ ಒಳಬಳೆಗೆ ಮಾತ್ರ ತಾಗುವಷ್ಟು ಸಣ್ಣದಿರಬೇಕು. ಹೊರಬಳೆಗೆ ಅಥವಾ ಸೀಲಿಗೆ ಉಜ್ಜಿದರೆ ಬೇರಿಂಗ್ ಬೇಗ ಹೋಗುತ್ತದೆ. ಆಯಿಲ್ ಸೀಲಿನ ತುಟಿ ಕೂರುವ ಭಾಗಕ್ಕೆ ನಯವಾಗಿ ಪಾಲಿಶ್ ಹೇಳಿ. ಗ್ಯಾಸ್ ಪೈಪು ಕತ್ತರಿಸಿ ಹಾಕುವವರಿದ್ದಾರೆ. ಆ ತುದಿಗಳು ಓರೆ ಇರುತ್ತವೆ, ಬಿಗಿದಾಗ ಆಕ್ಸೆಲ್ಲನ್ನೇ ಬಾಗಿಸುತ್ತವೆ.

ಲೆಕ್ಕದಲ್ಲಿ 2-3 ಮಿ.ಮೀ. ಕಡಿಮೆ ಬಿದ್ದರೆ ನಟ್ಟು ಬಿಗಿದು ಫೋರ್ಕನ್ನೇ ಒಳಕ್ಕೆ ಎಳೆದುಕೊಳ್ಳುವ ಆಸೆ ಬರುತ್ತದೆ. ಹಾಗೆ ಮಾಡಿದರೆ ಶಾಕ್ ಪೈಪುಗಳು ಸಮಾನಾಂತರ ತಪ್ಪಿ, ಒತ್ತಿದಾಗ ಸಿಕ್ಕಿಕೊಳ್ಳುತ್ತವೆ, ಆಯಿಲ್ ಸೀಲು ಸೋರುತ್ತದೆ.

5. ಮುಂದಿನ ಡಿಸ್ಕ್, ಕ್ಯಾಲಿಪರ್

ಕ್ಯಾಲಿಪರ್ ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ, ಅದು ಫೋರ್ಕ್ ಬಾಟಮ್ಮಿಗೆ ಬೋಲ್ಟ್ ಆಗಿರುತ್ತದೆ. 240 ಮಿ.ಮೀ. ಡಿಸ್ಕಿಗೆಂದು ಕೂತ ಕ್ಯಾಲಿಪರಿನಲ್ಲಿ 260 ಮಿ.ಮೀ. ಡಿಸ್ಕ್ ಹೋಗುವುದಿಲ್ಲ, ಅಂಚು 10 ಮಿ.ಮೀ. ಹೊರಗಿರುವುದರಿಂದ ಕ್ಯಾಲಿಪರಿನ ಮೈಗೇ ತಾಗುತ್ತದೆ. ಹೊಸ ಹಬ್‌ಗೆ ನಿಮ್ಮ ಹಳೆಯ 240ರ ಡಿಸ್ಕ್ ಕೂರುತ್ತದೆಯೇ ನೋಡಿ: ನಡುವಿನ ತೂತು, ಬೋಲ್ಟುಗಳ ಸಂಖ್ಯೆ, ಬೋಲ್ಟುಗಳು ನಿಂತ ವೃತ್ತದ ವ್ಯಾಸ ಮೂರೂ ಹೊಂದಬೇಕು. ಹೊಂದದಿದ್ದರೆ ಡಿಸ್ಕಿನಲ್ಲಿ ಹೊಸ ತೂತು ಕೊರೆಸಬೇಡಿ.

ಹೊಂದಿದರೆ, ಡಿಸ್ಕ್ ಎರಡು ಪ್ಯಾಡುಗಳ ನಡುವೆ ಬರುತ್ತದೆಯೇ ಪರೀಕ್ಷಿಸಿ. ಪಲ್ಸರಿನ ಕ್ಯಾಲಿಪರ್ ಪಿನ್ನಿನ ಮೇಲೆ ಜಾರುವಂಥದ್ದು, ಆದ್ದರಿಂದ ಒಂದೆರಡು ಮಿ.ಮೀ. ತಾನಾಗಿ ಹೊಂದಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾದರೆ ಕ್ಯಾಲಿಪರ್ ಪಿನ್ನಿನ ತುದಿಗೆ ಬಂದು, ಪ್ಯಾಡು ಓರೆಯಾಗಿ ಸವೆಯುತ್ತದೆ. ಚಕ್ರವನ್ನು ನಡುವಿಗೆ ತಂದರೆ ಡಿಸ್ಕ್ ತಪ್ಪುತ್ತದೆ, ಡಿಸ್ಕ್ ಸರಿಮಾಡಿದರೆ ಚಕ್ರ ತಪ್ಪುತ್ತದೆ ಎಂಬಂತಾದರೆ ಆ ಹಬ್ ನಿಮ್ಮ ಫೋರ್ಕಿನದಲ್ಲ. ಅಲ್ಲಿಗೆ ನಿಲ್ಲಿಸಿ, ಬೇರೆ ಚಕ್ರ ಹುಡುಕಿ. ಡಿಸ್ಕ್ ಬೋಲ್ಟುಗಳಿಗೆ ಥ್ರೆಡ್‌ಲಾಕ್ ಹಚ್ಚಿ, ಎದುರುಬದುರಾಗಿ ಬಿಗಿಯಿರಿ.

6. ಹಿಂಚಕ್ರ: ಚೈನ್ ಲೈನು, ಬ್ರೇಕ್ ಪ್ಲೇಟು, ಟೈರಿನ ಜಾಗ

ಎಂಜಿನ್ನಿನ ಸಣ್ಣ ಸ್ಪ್ರಾಕೆಟ್ ಮತ್ತು ಚಕ್ರದ ದೊಡ್ಡ ಸ್ಪ್ರಾಕೆಟ್ ಒಂದೇ ಗೆರೆಯಲ್ಲಿರಬೇಕು. ದೊಡ್ಡ ಸ್ಪ್ರಾಕೆಟ್ಟಿನ ಮುಖಕ್ಕೆ ನೇರ ಪಟ್ಟಿ ಹಿಡಿದು ಮುಂದಕ್ಕೆ ನೋಡಿದರೆ ಗೊತ್ತಾಗುತ್ತದೆ. 1 ಮಿ.ಮೀ.ಗಿಂತ ಹೆಚ್ಚು ತಪ್ಪಿದ್ದರೆ ಬುಷ್ ತಿದ್ದಿ. ಹಿಂದಿನಿಂದ ನೋಡುವಾಗ ಚೈನು ಸ್ಪ್ರಾಕೆಟ್ ಹಲ್ಲಿನ ಒಂದೇ ಪಕ್ಕಕ್ಕೆ ಉಜ್ಜಿ ಹೊಳೆಯುತ್ತಿದ್ದರೆ ಲೈನು ತಪ್ಪಿದೆ ಎಂದೇ ಅರ್ಥ. ಚೈನಿನ ಸಂಖ್ಯೆಯನ್ನೂ ಓದಿ. 428ರ ಕೊಂಡಿಯಿಂದ ಕೊಂಡಿಗೆ 12.7 ಮಿ.ಮೀ., 520ರಲ್ಲಿ 15.875. ಒಂದರ ಸ್ಪ್ರಾಕೆಟ್ಟಿಗೆ ಇನ್ನೊಂದರ ಚೈನು ಕೂರುವುದೇ ಇಲ್ಲ.

ಡ್ರಮ್ ಚಕ್ರದಲ್ಲಿ ಬ್ರೇಕ್ ಪ್ಲೇಟನ್ನು ತಿರುಗದಂತೆ ಹಿಡಿಯುವ ಒಂದು ಸರಳು ಇರುತ್ತದೆ, ಟಾರ್ಕ್ ಆರ್ಮ್. ಅದರ ಬೋಲ್ಟು, ಬೋಲ್ಟಿನ ಸ್ಪ್ಲಿಟ್ ಪಿನ್ನು ಎರಡೂ ಇರಲೇಬೇಕು. ಇದು ಕಳಚಿದರೆ ಬ್ರೇಕ್ ಒತ್ತಿದಾಗ ಪ್ಲೇಟು ಚಕ್ರದೊಂದಿಗೇ ಸುತ್ತಿ, ಬ್ರೇಕ್ ರಾಡನ್ನು ಎಳೆದು ಚಕ್ರ ಹಿಡಿದು ನಿಲ್ಲುತ್ತದೆ. ಜೀವಕ್ಕೇ ಬರುವ ತಪ್ಪು ಇದು. ಬೇರೆ ವರ್ಷದ ಪ್ಲೇಟಿನಲ್ಲಿ ಆ ಸರಳಿನ ತೂತು ಬೇರೆ ಕಡೆ ಇದ್ದರೆ, ಹಳೆಯ ಪ್ಲೇಟನ್ನೇ ಹೊಸ ಡ್ರಮ್ಮಿನಲ್ಲಿ ಕೂರಿಸಿ ನೋಡಿ. ಸರಳನ್ನು ಬಾಗಿಸಿ ಸೇರಿಸಬೇಡಿ.

ಅಗಲದ ಟೈರಿನ ಆಸೆಯಿಂದ 120/80-17 ಹಾಕುವವರು ಒಂದು ಲೆಕ್ಕ ನೋಡಬೇಕು. 100/90-17 ಟೈರಿನ ಒಟ್ಟು ವ್ಯಾಸ ಸುಮಾರು 612 ಮಿ.ಮೀ., 120/80-17 ಟೈರಿನದು 624. ಅಂದರೆ ಸುತ್ತಲೂ 6 ಮಿ.ಮೀ. ಎತ್ತರ, ಎರಡೂ ಪಕ್ಕ 10 ಮಿ.ಮೀ. ಅಗಲ ಹೆಚ್ಚುತ್ತದೆ. ಚೈನು, ಚೈನ್ ಕವರ್, ಸ್ವಿಂಗ್ ಆರ್ಮಿನ ಅಡ್ಡಪಟ್ಟಿ ಇವಕ್ಕೂ ಟೈರಿಗೂ ನಡುವೆ ಕೊನೆಗೆ 8 ಮಿ.ಮೀ.ಯಾದರೂ ಜಾಗ ಉಳಿಯಬೇಕು, ಯಾಕೆಂದರೆ ವೇಗದಲ್ಲಿ ಟೈರು ಸ್ವಲ್ಪ ಹಿಗ್ಗುತ್ತದೆ, ಕೆಸರೂ ಮೆತ್ತುತ್ತದೆ. ಅದಕ್ಕಿಂತ ಮುಖ್ಯ, ರಿಮ್ಮಿನ ಅಗಲ. ರಿಮ್ಮಿನ ಮೇಲೆ 17 ಎಂಬುದರ ಪಕ್ಕ 1.85, 2.15, 2.75 ಹೀಗೆ ಅಗಲವನ್ನು ಇಂಚಿನಲ್ಲಿ ಕೆತ್ತಿರುತ್ತಾರೆ. ಸಣ್ಣ ರಿಮ್ಮಿಗೆ 120ರ ಟೈರು ಹಾಕಿದರೆ ಅದರ ಅಂಚುಗಳು ಒಳಕ್ಕೆ ಚಿವುಟಿದಂತಾಗಿ ನಡು ಉಬ್ಬುತ್ತದೆ. ನೋಡಲು ದಪ್ಪ, ನೆಲ ಮುಟ್ಟುವ ಭಾಗ ಮಾತ್ರ ಕಿರಿದು. ಟ್ಯೂಬ್‌ಲೆಸ್ ಟೈರಿಗೆ ತಕ್ಕ ರಿಮ್ಮಾದರೆ ಆ ಮಾತನ್ನೂ ಅಲ್ಲೇ ಕೆತ್ತಿರುತ್ತಾರೆ. ಇಲ್ಲದಿದ್ದರೆ ಟ್ಯೂಬು ಹಾಕಿಯೇ ಓಡಿಸಿ.

7. 18ರ ಗಾಡಿಗೆ 17 ಹಾಕುವವರಿಗೆ

ಹಿಂದಿನ ಟೈರಿನ ವ್ಯಾಸ 637 ಮಿ.ಮೀ.ನಿಂದ 612ಕ್ಕೆ ಇಳಿಯುತ್ತದೆ, ಗಾಡಿಯ ಹಿಂಭಾಗ ಸುಮಾರು 12.5 ಮಿ.ಮೀ. ಕೆಳಗಾಗುತ್ತದೆ. ಅದೇ ವೇಗಕ್ಕೆ ಎಂಜಿನ್ನು ಶೇ 4ರಷ್ಟು ಹೆಚ್ಚು ಸುತ್ತುತ್ತದೆ: ಏರಿನಲ್ಲಿ ಎಳೆತ ಸ್ವಲ್ಪ ಚುರುಕು, ಹೆದ್ದಾರಿಯಲ್ಲಿ ಸದ್ದು ಸ್ವಲ್ಪ ಜಾಸ್ತಿ.

ಮುಂದೆ ಎರಡು ದಾರಿ ಇವೆ. 2.75-17 ಟೈರು ಹಾಕಿದರೆ ಮುಂಭಾಗವೂ ಹಿಂದಿನಷ್ಟೇ ಇಳಿದು ಗಾಡಿ ಸಮ ನಿಲ್ಲುತ್ತದೆ. ಆದರೆ ಹಳೆಯ ಮೀಟರ್ ಗೇರು ಉಳಿಸಿಕೊಂಡರೆ ಮೀಟರು ಶೇ 4ಕ್ಕಿಂತ ಸ್ವಲ್ಪ ಹೆಚ್ಚು ತೋರಿಸುತ್ತದೆ: ನಿಜವಾಗಿ 60ರಲ್ಲಿ ಹೋಗುವಾಗ 62-63. ಕಿ.ಮೀ. ಲೆಕ್ಕವೂ ಅಷ್ಟೇ ಹೆಚ್ಚು ಓಡುವುದರಿಂದ ಮೈಲೇಜು ಏರಿದಂತೆ ಕಾಣುತ್ತದೆ. 80/100-17 ಹಾಕಿದರೆ ಟೈರಿನ ವ್ಯಾಸ ಲೆಕ್ಕಕ್ಕೆ 592, ಹಳೆಯ 2.75-18ರದು 597. ಮೀಟರಿನ ತಪ್ಪು ಶೇ 1ರೊಳಗೆ ಉಳಿಯುತ್ತದೆ, ಆದರೆ ಹಿಂಭಾಗ ಮುಂಭಾಗಕ್ಕಿಂತ 10 ಮಿ.ಮೀ. ಹೆಚ್ಚು ಇಳಿಯುತ್ತದೆ. ಈ ಗಾಡಿಯ ವೀಲ್‌ಬೇಸಿಗೆ ಇದು ಅರ್ಧ ಡಿಗ್ರಿಗಿಂತ ಕಡಿಮೆ ಓರೆ. ಹ್ಯಾಂಡಲ್ ತುಸು ನಿಧಾನವಾದಂತೆ ಅನ್ನಿಸಬಹುದು, ಅಪಾಯವಿಲ್ಲ. ನಮ್ಮ ಅಭಿಪ್ರಾಯದಲ್ಲಿ ಎರಡನೆಯದೇ ಲೇಸು.

ಎರಡೂ ಕಡೆ ಗಾಡಿ ಕೆಳಗಾದಾಗ ಸೈಡ್ ಸ್ಟ್ಯಾಂಡ್ ಉದ್ದವಾಗಿಬಿಡುತ್ತದೆ, ಗಾಡಿ ನೆಟ್ಟಗೆ ನಿಂತು ಬಲಕ್ಕೆ ಬೀಳುವ ಭಯ. ಸ್ಟ್ಯಾಂಡಿನ ಕಾಲನ್ನು 10 ಮಿ.ಮೀ.ಯಷ್ಟು ಗಿಡ್ಡ ಮಾಡಿಸಿ. ಡಬಲ್ ಸ್ಟ್ಯಾಂಡ್ ಎಳೆಯುವುದೂ ಭಾರವಾಗುತ್ತದೆ.

8. ಮೀಟರು, ಎಬಿಎಸ್

ಕೇಬಲ್ ಮೀಟರಿನ ಗಾಡಿಗೆ ಡಿಜಿಟಲ್ ಮೀಟರಿನ ಕಾಲದ ಮುಂಚಕ್ರ ಹಾಕಿದರೆ, ಅಲ್ಲಿ ಕೇಬಲ್ ಸಿಕ್ಕಿಸುವ ಗೇರಿನ ಬದಲು ಸೆನ್ಸರ್ ಡಬ್ಬಿ ಇರುತ್ತದೆ. ನಿಮ್ಮ ಹಳೆಯ ಗೇರ್ ಡಬ್ಬಿಯ ಕೊಂಡಿಗಳು ಹೊಸ ಹಬ್‌ನ ಕಚ್ಚುಗಳಲ್ಲಿ ಕೂತರೆ ಸರಿ, ಇಲ್ಲದಿದ್ದರೆ ಕೇಬಲ್ ಕಾಲದ ಅಲಾಯ್ ಚಕ್ರವನ್ನೇ ಹುಡುಕುವುದು ಸುಲಭ. ಕೊಂಡಿ ಸರಿಯಾಗಿ ಕೂರದೆಯೇ ಆಕ್ಸೆಲ್ ಬಿಗಿದರೆ ಅದು ಮುರಿದು, ಮೀಟರು ಅಲ್ಲಿಗೆ ನಿಲ್ಲುತ್ತದೆ.

125 ಸಿಸಿಗಿಂತ ದೊಡ್ಡ ಎಂಜಿನ್ನಿನ ಗಾಡಿಗಳಿಗೆ 2019ರ ಏಪ್ರಿಲ್ 1ರಿಂದ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಹಿಡಿದು ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಆ ಗಾಡಿಗಳ ಹಬ್‌ನಲ್ಲಿ ಸೀಳುಗಳಿರುವ ಒಂದು ಬಳೆ ಇರುತ್ತದೆ, ಚಕ್ರ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಸೆನ್ಸರ್ ಅದರಿಂದ ಓದುತ್ತದೆ. ಎಬಿಎಸ್ ಗಾಡಿಗೆ ಬಳೆಯಿಲ್ಲದ ಹಳೆಯ ಚಕ್ರವನ್ನು ದಯವಿಟ್ಟು ಹಾಕಬೇಡಿ, ಎಬಿಎಸ್ ಕೆಲಸ ಮಾಡುವುದೇ ನಿಂತುಹೋಗುತ್ತದೆ. ಹಳೆಯ ಗಾಡಿಗೆ ಬಳೆಯಿರುವ ಚಕ್ರ ಹಾಕಿದರೆ ಬಳೆ ಸುಮ್ಮನೆ ಇರುತ್ತದೆ, ಫೋರ್ಕಿಗೆ ತಾಗದಿದ್ದರೆ ಸಾಕು.

9. ಟ್ವಿನ್ ಡಿಸ್ಕೇ ಬೇಕು ಎನ್ನುವವರಿಗೆ

ಮುಂದೆ: 37 ಮಿ.ಮೀ. ಪೈಪಿನ ಎರಡೂ ಶಾಕು, ಮೇಲಿನ ಕೆಳಗಿನ ಟಿ (ಶಾಕುಗಳನ್ನು ಹ್ಯಾಂಡಲಿಗೆ ಸೇರಿಸುವ ಭಾಗ), ಕ್ಯಾಲಿಪರು, ಮಡ್‌ಗಾರ್ಡು, ಆಕ್ಸೆಲ್, ಬುಷ್, ಚಕ್ರ. ಟಿಯ ಕಂಬದ ಉದ್ದ ಮತ್ತು ಬಾಲ್ ರೇಸಿನ (ಹ್ಯಾಂಡಲ್ ತಿರುಗುವ ಬೇರಿಂಗ್) ಅಳತೆ ನಿಮ್ಮ ಫ್ರೇಮಿಗೆ ಹೊಂದಬೇಕು, ಹೆಡ್‌ಲೈಟ್ ಹಿಡಿಕೆಗಳನ್ನೂ ನೋಡಬೇಕು. ಹಿಂದೆ: ಸ್ವಿಂಗ್ ಆರ್ಮ್, ಕ್ಯಾಲಿಪರು ಮತ್ತು ಅದರ ಬ್ರಾಕೆಟ್, ಮಾಸ್ಟರ್ ಸಿಲಿಂಡರ್, ಆಯಿಲ್ ಡಬ್ಬಿ, ಹೋಸು, ಬ್ರೇಕ್ ಪೆಡಲಿನ ಫುಟ್‌ರೆಸ್ಟ್ ಭಾಗ, ಬ್ರೇಕ್ ಲೈಟಿನ ಸ್ವಿಚ್ಚು, ಉದ್ದದ ಚೈನು. ಸ್ವಿಂಗ್ ಆರ್ಮಿನ ಬುಡದ ಅಗಲ, ಅಲ್ಲಿ ಹೋಗುವ ಬೋಲ್ಟಿನ ದಪ್ಪ, ಶಾಕ್ ಕೂರುವ ಕಿವಿಗಳ ಜಾಗ ಮೂರನ್ನೂ ಅಳೆದೇ ಕೊಳ್ಳಿ.

ಡ್ರಮ್ಮಿನ ಸ್ವಿಂಗ್ ಆರ್ಮಿಗೆ ಕ್ಯಾಲಿಪರ್ ಬ್ರಾಕೆಟ್ ವೆಲ್ಡ್ ಮಾಡಿ ಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಬೇಡ. ಬ್ರೇಕ್ ಒತ್ತಿದಷ್ಟು ಸಲವೂ ಆ ವೆಲ್ಡಿಂಗಿನ ಮೇಲೆ ಎಳೆತ ಬೀಳುತ್ತದೆ. ಈ ಪಟ್ಟಿಯ ಖರ್ಚು ಕೂಡಿಸಿ ನೋಡಿದರೆ ಹೆಚ್ಚಿನವರಿಗೆ ಟ್ವಿನ್ ಡಿಸ್ಕ್ ಗಾಡಿಯನ್ನೇ ಹಳೆಯದರಲ್ಲಿ ಕೊಳ್ಳುವುದು ವಾಸಿ. ಬ್ರೇಕ್ ಚೆನ್ನಾಗಿ ಹಿಡಿಯಬೇಕು ಅನ್ನುವುದಷ್ಟೇ ಉದ್ದೇಶವಾದರೆ ಹೊಸ ಟೈರು, ಹೊಸ ಪ್ಯಾಡು, ಹೊಸ ಲೈನರು, ಹೊಸ ಬ್ರೇಕ್ ಆಯಿಲ್ ಇವೇ ದೊಡ್ಡ ವ್ಯತ್ಯಾಸ ಮಾಡುತ್ತವೆ.

10. ಕೊನೆಯ ಜೋಡಣೆ

ಆಕ್ಸೆಲ್ಲಿಗೆ ತೆಳುವಾಗಿ ಗ್ರೀಸು ಹಚ್ಚಿ ತೂರಿಸಿ. ಡಿಸ್ಕು, ಪ್ಯಾಡು, ಡ್ರಮ್ಮಿನ ಒಳಮೈಗೆ ಗ್ರೀಸಿನ ಕೈ ತಾಗಿದ್ದರೆ ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ಟೈರಿನ ಬಾಣದ ಗುರುತು ತಿರುಗುವ ದಿಕ್ಕಿಗಿರಲಿ. ಮುಂದಿನ ಆಕ್ಸೆಲ್ ನಟ್ಟನ್ನು ಪೂರ್ತಿ ಬಿಗಿಯುವ ಮೊದಲು ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಮುಂದಿನ ಬ್ರೇಕ್ ಹಿಡಿದು ಶಾಕನ್ನು ನಾಲ್ಕೈದು ಸಲ ಒತ್ತಿ. ಎರಡೂ ಪೈಪು ತಮ್ಮ ಜಾಗಕ್ಕೆ ಬರುತ್ತವೆ. ಆಮೇಲೆ ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿ ಹೇಳಿದ ಟಾರ್ಕಿಗೆ ಬಿಗಿಯಿರಿ. ಸೆಲ್ಫ್ ಲಾಕ್ ನಟ್ಟು ಬಿಚ್ಚಿದರೆ ಹೊಸದನ್ನೇ ಹಾಕಿ.

ಹಿಂದೆ ಚೈನಿನ ಸಡಿಲವನ್ನು ಮ್ಯಾನ್ಯುಯಲ್ಲಿನಲ್ಲಿ ಹೇಳಿದಷ್ಟು ಇಡಿ, ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಆಮೇಲೆ ಎರಡೂ ಅಲ್ಯೂಮಿನಿಯಂ ಪಟ್ಟಿಗಳನ್ನು ಹಿಂದಿನ ಟೈರಿನ ಎರಡು ಬದಿಗೆ ಒತ್ತಿ ಮುಂದಕ್ಕೆ ಚಾಚಿ. ಮುಂದಿನ ಟೈರು ಸಪೂರವಾದ್ದರಿಂದ ಎರಡೂ ಕಡೆ ಸಂದಿ ಕಾಣುತ್ತದೆ, ಆ ಸಂದಿ ಎರಡು ಬದಿಯಲ್ಲೂ ಸಮ ಇರಬೇಕು. ಸ್ವಿಂಗ್ ಆರ್ಮಿನ ಮೇಲಿನ ಗೆರೆಗಳನ್ನೇ ನಂಬಬೇಡಿ, ಹಳೆಯ ಗಾಡಿಗಳಲ್ಲಿ ಅವು ತಪ್ಪುವುದುಂಟು.

ಚಕ್ರ ಎತ್ತಿ ಕೈಯಿಂದ ತಿರುಗಿಸಿ: ಉಜ್ಜುವ ಸದ್ದು ಇರಬಾರದು. ಪಕ್ಕಕ್ಕೆ ಅಲುಗಿಸಿ: ಟಕ್ ಟಕ್ ಅನ್ನಬಾರದು. ಕ್ಯಾಲಿಪರ್ ಬಿಚ್ಚಿದ್ದರೆ, ಹೊರಡುವ ಮೊದಲು ಬ್ರೇಕ್ ಲಿವರನ್ನು ಗಟ್ಟಿಯಾಗುವವರೆಗೆ ಒತ್ತುತ್ತಿರಿ. ಪ್ಯಾಡು ಹಿಂದೆ ಸರಿದಿರುವುದರಿಂದ ಮೊದಲ ಒತ್ತಿಗೆ ಬ್ರೇಕ್ ಹಿಡಿಯುವುದೇ ಇಲ್ಲ. ಈ ಒಂದನ್ನು ಮರೆತು ಗೇಟಿಗೆ ಗುದ್ದಿಕೊಂಡವರು ಬಹಳ.

11. ಮೊದಲ 500 ಕಿ.ಮೀ.

ಖಾಲಿ ರಸ್ತೆಯಲ್ಲಿ 20ರ ವೇಗದಲ್ಲಿ ಎರಡೂ ಬ್ರೇಕ್ ನೋಡಿ, ಆಮೇಲೆ 40ಕ್ಕೆ ಹೋಗಿ. ಹ್ಯಾಂಡಲನ್ನು ಸಡಿಲವಾಗಿ ಹಿಡಿದಾಗ ಗಾಡಿ ಒಂದೇ ಕಡೆ ಎಳೆದರೆ ಚಕ್ರಗಳ ಗೆರೆ ತಪ್ಪಿದೆ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ನಡುಗಿದರೆ ಬ್ಯಾಲೆನ್ಸಿಂಗ್ ಮಾಡಿಸಿ. ಹೊಸ ಪ್ಯಾಡು ಹಾಕಿದ್ದರೆ 40ರಿಂದ 10ಕ್ಕೆ ಮೃದುವಾಗಿ ಇಪ್ಪತ್ತು ಸಲ ಇಳಿಸಿ, ನಡುವೆ ಆರಲು ಬಿಡಿ.

5 ಕಿ.ಮೀ. ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ಓಡಿಸಿ ನಿಲ್ಲಿಸಿ, ಹಬ್‌ನ ನಡುವೆ ಆಕ್ಸೆಲ್ ಬಳಿ ಕೈಯಿಡಿ. ಡಿಸ್ಕನ್ನು ಮುಟ್ಟಬೇಡಿ, ಸುಡುತ್ತದೆ. ಹಬ್ ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಬೇರಿಂಗ್ ಒತ್ತಿಹಿಡಿದಿದೆ ಅಥವಾ ಬ್ರೇಕ್ ಬಿಡುತ್ತಿಲ್ಲ. 50 ಕಿ.ಮೀ. ಆದ ಮೇಲೆ ಆಕ್ಸೆಲ್ ನಟ್ಟು, ಕ್ಯಾಲಿಪರ್ ಬೋಲ್ಟು, ಟಾರ್ಕ್ ಆರ್ಮಿನ ಪಿನ್ನು ಮತ್ತೆ ನೋಡಿ. 500ಕ್ಕೆ ಚೈನಿನ ಸಡಿಲವನ್ನು ಮತ್ತೆ ಅಳೆಯಿರಿ, ಪ್ಯಾಡು ಎರಡೂ ಒಂದೇ ಸಮ ಸವೆಯುತ್ತಿದೆಯೇ ಇಣುಕಿ ನೋಡಿ. ಬುಷ್ಷುಗಳ ಉದ್ದ, ಬೇರಿಂಗ್ ಸಂಖ್ಯೆ ಬರೆದ ಹಾಳೆಯನ್ನು ಗಾಡಿಯ ಕಾಗದಗಳ ಜೊತೆ ಇಟ್ಟುಬಿಡಿ. ಮುಂದೆ ಪಂಕ್ಚರ್ ಅಂಗಡಿಯಲ್ಲಿ ಯಾರಾದರೂ ಎಡದ ಬುಷ್ಷನ್ನು ಬಲಕ್ಕೆ ಹಾಕಿದಾಗ ಆ ಹಾಳೆ ಬೇಕಾಗುತ್ತದೆ.